ಓದೋರ ಹಬ್ಬ

ರಂಗೂನಿನಿಂದ ಬಂದವಳು ಎಂದರೆ ಜನ ಪರದೇಶ ಕಂಡವಳೆಂದು ನನ್ನನ್ನು ನೋಡುತ್ತಾರೆ. ನಾನು ಕಂಡ ಪರದೇಶ ಮಳವಳ್ಳಿ. ಹುಟ್ಟಿದ್ದು ರಂಗೂನಿನಲ್ಲಿ, ಎಂಟು ವರ್ಷದವರೆಗೆ ಬೆಳೆದದ್ದೂ ಅಲ್ಲೇ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಗಿದಗಿದು ಹಲ್ಲಿಗೆಲ್ಲ ಮೆತ್ತಿಕೊಂಡು, ಊರಿಗೆ ಬಂದ ದಿನವೇ ನಗೆಪಾಟಲಾದೆ.

ಅಪ್ಪ ಅಲ್ಲಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಕೆಲಸ ಬಿಟ್ಟರೆ ಪುಸ್ತಕ. ಊಟಕ್ಕೆ ಕೂತರೂ ಎಡಗೈಯಲ್ಲಿ ಪುಸ್ತಕ ಇರಲೇಬೇಕು. ಬಾಯಿಯವರೆಗೆ ಹೋದ ತುತ್ತು ಅಲ್ಲೇ ನಿಂತುಬಿಡುತ್ತಿತ್ತು, ಸಾರು ಆರಿ ನೀರಾಗುತ್ತಿತ್ತು. ಗಂಡನ ಹೆಸರು ಹೇಳುವಂತಿಲ್ಲವಲ್ಲ, ಅಮ್ಮ ಅವನನ್ನು 'ಓದೋರು' ಎಂದೇ ಕರೆಯುತ್ತಿದ್ದಳು. "ಓದೋರು ಸ್ನಾನಕ್ಕೆ ಏಳ್ತಾರೋ, ಬಿಸಿನೀರು ಚೆಲ್ಲಿಬಿಡಲೋ, ಕೇಳ್ಕೊಂಡು ಬಾ" ಎಂದು ನನ್ನನ್ನು ಅಟ್ಟುತ್ತಿದ್ದಳು.

ಜಪಾನಿನವರ ಬಾಂಬು ಬೀಳತೊಡಗಿದಾಗ ಅಪ್ಪ ನಮ್ಮಿಬ್ಬರನ್ನು ಹಡಗು ಹತ್ತಿಸಿದ. ಅವನಿಗೆ ಜಾಗ ಸಿಗಲಿಲ್ಲ. ಮುಂದಿನ ಹಡಗಿಗೆ ಬರುತ್ತೇನೆ, ಅಲ್ಲಿಯವರೆಗೆ ಮಳವಳ್ಳಿಯ ನನ್ನ ಗೆಳೆಯನ ಮನೆಯಲ್ಲಿರಿ ಎಂದ. ಅಪ್ಪನಿಗೆ ನಂಟರು ಅಂತ ಯಾರೂ ಉಳಿದಿರಲಿಲ್ಲ. ಇದ್ದವನು ಶಾಲೆಯ ಕಾಲದ ಆ ಗೆಳೆಯನೊಬ್ಬನೇ. ಬೇಸಾಯದ ಮನೆ. ಗೆಳೆಯನ ತಾಯಿ, ನಾನು ಅಜ್ಜಿ ಎಂದು ಕರೆದವಳು, ಹೊಸಲಲ್ಲೇ ಅಮ್ಮನ ಕೈಯಿಂದ ಗಂಟು ಕಿತ್ತುಕೊಂಡು "ಇದೇ ನಿನ್ ತವ್ರುಮನೆ ಅನ್ಕೊ ಬುಡು" ಅಂದಳು.

ಮಳೆಗಾಲವೂ ಮುಗಿಯುತ್ತ ಬಂತು. ಅಪ್ಪ ಬರಲಿಲ್ಲ, ಸುದ್ದಿಯೂ ಇಲ್ಲ. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಕಾಸಿನಗಲ ಕುಂಕುಮ ಇಟ್ಟುಕೊಳ್ಳುವಳು. ಬಸ್ಸಿನ ಸದ್ದಾದರೆ ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲುತ್ತಿತ್ತು.

ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ಕಜ್ಜಾಯದ ಘಮಲು. ನಡುಮನೆಯ ಒಳಗಿನ ಕೋಣೆಯಲ್ಲಿ ಹೊಸ ಸೀರೆ, ಪಂಚೆಗಳನ್ನು ಮಡಿಸಿಟ್ಟು ಎಲೆ ಹಾಸಿದ್ದರು. ಯಾವ ಹಬ್ಬ ಎಂದು ಅಜ್ಜಿಯನ್ನು ಕೇಳಿದೆ.

"ಓದೋರ ಅಬ್ಬ ಕಣ್ ಮಗ. ಓದೋರೆಲ್ಲ ಇವತ್ತು ಮನೆಗ್ ಬತ್ತಾರೆ. ಎಡೆ ಇಕ್ಕಿ ಬಾಗ್ಲು ಮುಚ್ಚುದ್ರೆ ಉಂಡ್ಕಂಡು ಓಯ್ತಾರೆ. ಇಣಿಕಿ ನೋಡ್ಬಾರ್ದು."

ಆ ಸೀಮೆಯವರ ನಾಲಿಗೆಗೆ 'ಹ' ಎಂದರೆ ಆಗದು. ಹಳ್ಳಿ ಅಳ್ಳಿ, ಹಾಲು ಆಲು. ಹೋದೋರು, ಅಂದರೆ ಸತ್ತವರು, ಅವರ ಬಾಯಲ್ಲಿ ಓದೋರು. ರಂಗೂನಿನ ಹುಡುಗಿಗೆ ಇದೆಲ್ಲ ಹೇಗೆ ತಿಳಿಯಬೇಕು? ನಾನು ಕುಣಿದಾಡಿಬಿಟ್ಟೆ.

"ನಮ್ಮಪ್ಪನೂ ಓದೋರೇ ಅಜ್ಜಿ! ಅಪ್ಪಂಗೂ ಎಲೆ ಹಾಕು!"

ಅಜ್ಜಿಯ ಕೈ ಹಿಟ್ಟಿನಲ್ಲೇ ನಿಂತಿತು. "ಯಾರ್ ಮಗ ಅಂಗಂದೋರು?"

"ಅಮ್ಮಾನೇ. ಯಾವಾಗಲೂ ಹಾಗೇ ಅನ್ನೋದು."

"ಅಯ್ಯೋ ನನ್ ಕಂದ! ಇಸ್ಯ ಗೊತ್ತಿದ್ರೂವೆ ಒಬ್ಳೇ ನುಂಗ್ಕಂಡವ್ಳಲ್ಲ!" ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನನ್ನು ಅಂಗಡಿಗೆ ಓಡಿಸಿದಳು. ಯುದ್ಧದ ಕಾಲ, ಬಟ್ಟೆ ಸಿಗುವುದೇ ಕಷ್ಟ. ಆ ಪುಣ್ಯಾತ್ಮ ಎಲ್ಲಿಂದಲೋ ಕೆಂಪಂಚಿನ ಪಂಚೆ ತಂದ. ಅದರ ಮುಂದೆ ಎಲೆ ಹಾಕುವಾಗ ನಾನೇ ಕಜ್ಜಾಯ ಆರಿಸಿ ಬಡಿಸಿದೆ. ಅಷ್ಟು ಸಂತೋಷ ನನಗೆ ಆ ಊರಿನಲ್ಲಿ ಅದೇ ಮೊದಲು.

ಅಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಇದೊಂದೂ ಗೊತ್ತಿಲ್ಲ. ದೀಪ ಹಚ್ಚಿದ ಮೇಲೆ ಅಜ್ಜಿ ಅವಳನ್ನು ಒಳಗೆ ಕರೆದಳು. "ಬಾ ಮಗ್ಳೆ, ನಿನ್ ಗಂಡಂಗೂ ಎಡೆ ಇಕ್ಕಿವ್ನಿ. ದೂಪ ಆಕು."

ಅಮ್ಮ ಎಲೆ ನೋಡಿದಳು, ಪಂಚೆ ನೋಡಿದಳು. "ಸುದ್ದಿ ಬಂತಾ?" ಎಂದಳು. "ಯಾವಾಗ ಬಂತು? ನನಗ್ಯಾಕೆ ಯಾರೂ ಹೇಳಲಿಲ್ಲ?"

"ನೀನೇ ಅಂದ್ಯಂತಲ್ಲವ್ವ, ಮಗಿನ್ ತಾವ, ಓದೋರು ಅಂತ..."

"ಪುಸ್ತಕ ಓದೋರು ಅಂತ ಕಣವ್ವ ನಾನು ಅಂದದ್ದು!" ಎಂದಳು ಅಮ್ಮ. ಮಾತಿನ ಸಿಕ್ಕು ಬಿಡಿಸಿದ ಮೇಲೆ ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಮ್ಮ ಯಾರ ಮೇಲೂ ರೇಗಲಿಲ್ಲ. ಪಂಚೆ ಎತ್ತಿಕೊಂಡು, "ಬಂದ ಮೇಲೆ ಉಡ್ತಾರೆ" ಎಂದು ಟ್ರಂಕಿಗೆ ಹಾಕಿ ಮುಚ್ಚಿದಳು. ಆ ದಿನದಿಂದ ಅಪ್ಪ ಅವಳ ಬಾಯಲ್ಲಿ 'ನಿಮ್ಮಪ್ಪ' ಆದ. ಓದೋರು ಎಂದು ಮತ್ತೆ ಕರೆಯಲಿಲ್ಲ. ನನಗೆ ಆ ಊರಿನ ಮೇಲೆ, ಅವರ ನಾಲಿಗೆಯ ಮೇಲೆ ಬಂದ ಸಿಟ್ಟು ಬಹಳ ದಿನ ಇಳಿಯಲಿಲ್ಲ. ಅಷ್ಟು ಚೆಂದದ ಮಾತನ್ನು ಹಾಳುಮಾಡಿಬಿಟ್ಟರಲ್ಲ!

ಯುದ್ಧ ಮುಗಿಯಿತು. ಅದೇ ಗಿರಣಿಯಲ್ಲಿದ್ದವರೊಬ್ಬರು ಮಂಡ್ಯಕ್ಕೆ ಬಂದಿದ್ದಾರೆಂದು ಕೇಳಿ ಅಮ್ಮ ಬಸ್ಸು ಹತ್ತಿ ಹೋದಳು. ಹಡಗು ಸಿಗದೆ ಕಾಡಿನ ದಾರಿ ಹಿಡಿದ ಗುಂಪಿನಲ್ಲಿ ಅಪ್ಪನೂ ಇದ್ದನಂತೆ. ಜ್ವರ ಬಂದು ಮರದ ಬುಡದಲ್ಲಿ ಕೂತವನು ಏಳಲಿಲ್ಲವಂತೆ. ಅಮ್ಮ ವಾಪಸು ಬಂದಾಗ ಹಣೆಯಲ್ಲಿ ಕುಂಕುಮ ಇರಲಿಲ್ಲ. ಅದನ್ನು ನೋಡಿಯೇ ನನಗೆ ಗೊತ್ತಾದದ್ದು. ನಾನು ಊರೆಲ್ಲ ಕೇಳುವಂತೆ ಅತ್ತೆ.

ಆ ವರ್ಷದ ಮಹಾಲಯಕ್ಕೆ ಅಮ್ಮ ಟ್ರಂಕಿನಿಂದ ಪಂಚೆ ತೆಗೆದು ಅಜ್ಜಿಯ ಮುಂದೆ ಹಿಡಿದಳು. ಅಷ್ಟು ವರ್ಷ ಅಲ್ಲಿದ್ದರೂ ಅವಳ ನಾಲಿಗೆ 'ಹ' ಬಿಟ್ಟದ್ದಿಲ್ಲ.

"ನಮ್ಮನೆಯವರೂ ಓದೋರು ಕಣವ್ವ," ಎಂದಳು.

ಅಜ್ಜಿ ಇನ್ನೊಂದು ಎಲೆ ಹಾಸಿದಳು. ಅಮ್ಮ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿದಳು. ಎಲ್ಲರೂ ಹೊರಗೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಒಳಗೆ ಉಣ್ಣುವವರಿಗೆ ತಿಳಿಯಲೆಂದು ಎಂದಿನಂತೆ ಕೆಮ್ಮಿ, ಬಾಗಿಲು ತೆಗೆಯಲು ಎದ್ದಳು. ಅಮ್ಮ ಅವಳ ಸೆರಗು ಹಿಡಿದು ಕೂರಿಸಿದಳು.

"ಇನ್ನೊಂದು ಗಳಿಗೆ ಇರವ್ವ. ಅವರ ಊಟ ನಿಧಾನ."