ಕುಂಟ ಮೇಷ್ಟ್ರು ಎಂಬ ಬಿರುದು

ಆ ಹೆಸರಿಟ್ಟವಳು ನಾನೇ. ಅಮೆರಿಕದ ನ್ಯೂಜರ್ಸಿಯ ಪಿಸ್ಕಾಟವೇಯಲ್ಲಿ ಹುಟ್ಟಿ ಬೆಳೆದ ನನಗೆ ಕನ್ನಡ ಬಂದದ್ದು ನನ್ನನ್ನು ಸಾಕಿದ ಅಜ್ಜಿಯಿಂದ. ಅಜ್ಜಿಯ ಬಾಯಲ್ಲಿ ಯಾರಿಗೂ ಹೆತ್ತವರಿಟ್ಟ ಹೆಸರು ಉಳಿಯುತ್ತಿರಲಿಲ್ಲ. ಮೈಸೂರಿನ ಅವಳ ಬೀದಿಯವರೆಲ್ಲ ನನಗೆ ಪರಿಚಯವಾದದ್ದು ಮೆಳ್ಳಗಣ್ಣಿ, ಗೂನ, ಉಬ್ಬುಹಲ್ಲಿನ ರಾಯರು ಎಂದೇ. ಆ ಕಥೆಗಳನ್ನು ನಾನು ಹೇಳಲು ಕೂತರೆ ನಗದವರಿಲ್ಲ.

ಈಗ ನಾವಿರುವ ವೆಸ್ಟ್ ವಿಂಡ್ಸರ್‌ನ ಮೈದಾನಕ್ಕೆ, ನಮ್ಮ ಹೆಣ್ಣುಮಕ್ಕಳ ಸಾಕರ್ ತಂಡದ ಹೊಸ ಕೋಚ್ ಎಡಗಾಲು ಎಳೆದುಕೊಂಡು ಬಂದ ದಿನ, ಮಡಚುವ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದ ಐದು ಕನ್ನಡ ಮನೆಯವರಿಗೆ ಕೇಳುವಂತೆ ಅಂದೆ: "ಬಂದ್ರು ನೋಡ್ರೀ, ಕುಂಟ ಮೇಷ್ಟ್ರು."

ಕಾಫಿ ನೆತ್ತಿಗೇರುವ ಹಾಗೆ ನಕ್ಕರು. ಹೆಸರು ಅಂಟಿಕೊಂಡಿತು. ಮಕ್ಕಳೂ ಕಲಿತವು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳೂ ಈ ಎರಡು ಮಾತನ್ನು ಮಾತ್ರ ಅಜ್ಜಿಯ ಮರಿಮಗಳಿಗೆ ತಕ್ಕ ಹಾಗೆ ಸ್ವಚ್ಛವಾಗಿ ಆಡುತ್ತಿದ್ದಳು.

ಕೋಚ್ ಯುಕ್ರೇನಿನವರು. ಅಲ್ಲಿ ದೊಡ್ಡ ಲೀಗಿನಲ್ಲಿ ಹನ್ನೊಂದು ವರ್ಷ ಮಿಡ್‌ಫೀಲ್ಡರ್ ಆಗಿದ್ದರಂತೆ. ಮುಂದಿನವನಿಗೆ ಗೋಲು, ಹಿಂದಿನವನಿಗೆ ಬೈಗುಳ, ನಡುವಿನವನಿಗೆ ಬರೀ ಬಾಯಾರಿಕೆ ಎಂದು ತಮ್ಮ ಒರಟು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಯಾರದೋ ಬೂಟು ಮಂಡಿಗೆ ಬಡಿಯಿತು. ಮೂರು ಸಲ ಕೊಯ್ದರೂ ಕಾಲು ನೆಟ್ಟಗಾಗಲಿಲ್ಲ. ಆಮೇಲೆ ತಾವು ಆಡುತ್ತಿದ್ದ ಊರಿನ ಮಕ್ಕಳಿಗೆ ಆಟ ಕಲಿಸಿದರು. ಯುದ್ಧಕ್ಕೆ ಎರಡು ವರ್ಷ ಮೊದಲು ಅಕ್ಕನನ್ನು ನೆಚ್ಚಿ ನ್ಯೂಜರ್ಸಿಗೆ ಬಂದರು. ಅವರು ಆಡಿದ ಮೈದಾನದಲ್ಲಿ ಬಾಂಬು ಬಿದ್ದ ಗುಂಡಿಯ ಫೋಟೊವನ್ನು ಒಮ್ಮೆ ಫೋನಿನಲ್ಲಿ ತೋರಿಸಿ, ಸರಿಯಾಗಿ ನಾನು ನಿಲ್ಲುತ್ತಿದ್ದ ಜಾಗ ಅಂದರು. ಬೆಳಗಿನಿಂದ ವೇರ್‌ಹೌಸಿನಲ್ಲಿ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡಿ, ಸಂಜೆ ನಮ್ಮ ಹುಡುಗಿಯರ ಬಳಿ ಬರುತ್ತಿದ್ದರು. ಅವರ ಪಾಲಿಗೆ ಉಳಿದಿದ್ದ ಫುಟ್‌ಬಾಲ್ ಅಷ್ಟೇ.

ಅದೂ ಹೋಗುವುದರಲ್ಲಿತ್ತು. ನಮ್ಮ ಸಾಲಿನ ಗಟ್ಟಿ ಗಂಟಲಿನ ಅಪ್ಪ ಒಬ್ಬರ ಮಗಳನ್ನು ಕೋಚ್ ಎರಡು ಪಂದ್ಯ ಬೆಂಚಿನಲ್ಲಿ ಕೂರಿಸಿದ್ದರು. ಕಾರ್ ಕಂಡ ನಾಯಿಯ ಹಾಗೆ ಚೆಂಡಿನ ಹಿಂದೆ ಓಡುತ್ತಾಳೆ ಎಂದು ಎಲ್ಲರೆದುರು ಅಂದಿದ್ದರು ಕೂಡ. ಆ ಅಪ್ಪ ಮನೆಮನೆಗೂ ಫೋನ್ ಮಾಡಿದರು. ಕಾಲೇಜಿನಲ್ಲಿ ಆಡಿದ, ಮಕ್ಕಳ ಜೊತೆ ಓಡಬಲ್ಲ ಹುಡುಗನೊಬ್ಬ ಸಿಕ್ಕಿದ್ದಾನೆ, ಸ್ಪ್ರಿಂಗ್ ಸೀಸನ್ನಿಗೆ ಇವರು ಬೇಕೇ ಬೇಡವೇ ಎಂದು ಪೋಷಕರೆಲ್ಲ ಕೂಡಿ ವೋಟ್ ಹಾಕೋಣ ಅಂದರು.

ಸಭೆಗೆ ವಾರವಿದ್ದಾಗ ಪ್ರಾಕ್ಟೀಸ್ ಮುಗಿಸಿದ ಕೋಚ್ ನನ್ನ ಬಳಿ ಬಂದರು. ತಂಡದ ಮ್ಯಾನೇಜರ್ ಕೆಲಸ ನನ್ನದು. ಹುಡುಗಿಯರು ತಮ್ಮನ್ನು ಏನೋ ಎರಡು ಮಾತಿನಲ್ಲಿ ಕರೆಯುತ್ತಾರಲ್ಲ, ಅದರ ಅರ್ಥವೇನು ಎಂದು ಕೇಳಿದರು. ಎರಡನೆಯದು ಗುರು ಅಂದೆ. ಮೊದಲನೆಯದು? ದೊಡ್ಡ, ಹಿರಿಯ ಅಂದೆ.

ಅವರು ಕಣ್ಣು ಒರೆಸಿಕೊಂಡರು. ತಮ್ಮ ಕಡೆ ಹಿರಿಯರನ್ನು ಬರೀ ಹೆಸರಿನಿಂದ ಕರೆಯುವುದಿಲ್ಲ, ತಂದೆಯ ಹೆಸರನ್ನೂ ಸೇರಿಸಿ ಎರಡು ಮಾತಿನಲ್ಲಿ ಕರೆಯುತ್ತಾರೆ ಅಂದರು. ಇಲ್ಲಿ ಒಂಬತ್ತು ವರ್ಷದ ಮಗುವೂ ನಾಯಿಯನ್ನು ಕೂಗಿದ ಹಾಗೆ ಹೆಸರು ಹಿಡಿದು ಕೂಗುತ್ತದೆ. ಈ ದೇಶದಲ್ಲಿ ತಮಗೆ ಎರಡು ಮಾತಿನ ಹೆಸರು ಕೊಟ್ಟವರು ನಾವೇ ಅಂತೆ. ಸಭೆಯಲ್ಲಿ ನಮ್ಮ ಭಾಷೆಯಲ್ಲೇ ನಮಸ್ಕಾರ ಹೇಳಬೇಕು, ಕಲಿಸಿ ಅಂದರು. ಬರೀ ಮೇಷ್ಟ್ರು ಅಂದರೂ ಸಾಕು, ಅದೇ ಚೆಂದ ಅಂದೆ. ಒಪ್ಪಲಿಲ್ಲ. ಕೊಟ್ಟದ್ದನ್ನು ಅರ್ಧ ಮಾಡುವುದೇಕೆ ಅಂದರು. ಪೂರ್ತಿ ವಾಕ್ಯವನ್ನು ನನ್ನಿಂದ ನಾಲ್ಕು ಸಲ ಹೇಳಿಸಿ ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ, ಆ ಗಟ್ಟಿ ಗಂಟಲಿನವರ ಮನೆಯ ಬೇಸ್‌ಮೆಂಟಿನಲ್ಲಿ ಸಭೆ. ಪಿಜ್ಜಾ, ಚಕ್ಕುಲಿ. ಕೋಚ್ ಟೈ ಕಟ್ಟಿಕೊಂಡು ಬಂದಿದ್ದರು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಒಂದಕ್ಷರ ತಪ್ಪದೆ ಹೇಳಿದರು: "ನಮಸ್ಕಾರ. ನಾನು ನಿಮ್ಮ ಕುಂಟ ಮೇಷ್ಟ್ರು."

ಐದು ಕನ್ನಡ ಮನೆಯವರೂ ನಕ್ಕರು. ಒಬ್ಬಾಕೆ ಚಕ್ಕುಲಿ ಉಗುಳಿಕೊಂಡಳು. ಕೋಚ್ ಕೂಡ ನಕ್ಕರು, ಎಲ್ಲರಿಗೂ ಸಂತೋಷವಾಯಿತಲ್ಲ ಎಂದು. ಚೀನಾದ ತಾಯಿಯೊಬ್ಬಳು ಏನದು, ನಮಗೂ ಹೇಳಿ ಅಂದಳು. ಮನೆಯ ಯಜಮಾನರು ಮುಖ ಒರೆಸಿಕೊಳ್ಳುತ್ತಾ ಇಂಗ್ಲಿಷಿನಲ್ಲಿ, "ಲೇಮ್ ಟೀಚರ್. ಅವರೇ ಹೇಳ್ತಿದ್ದಾರೆ, ನಾನಲ್ಲಪ್ಪ" ಅಂದರು.

ಕೋಚ್ ನನ್ನತ್ತ ತಿರುಗಿದರು. ಹಿರಿಯ ಅಂದಿರಲ್ಲ ಎಂದು ಮೆಲ್ಲಗೆ ಕೇಳಿದರು.

"ಜೋಕ್, ಕೋಚ್. ಜಸ್ಟ್ ಎ ಜೋಕ್," ಅಂದೆ. ನಗುತ್ತಲೇ ಅಂದೆ.

ವೋಟಿನ ಹೊತ್ತಿಗೆ ಅವರನ್ನು ಹೊರಗೆ ಕಳುಹಿಸಿದರು. ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಹತ್ತಿ ಹೋದರು. ಬೇಡ ಎನ್ನುವವರು ಕೈ ಎತ್ತಿ ಅಂದಾಗ ಹೆಚ್ಚುಕಡಿಮೆ ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಅವರು ಒಳ್ಳೆಯ ಕೋಚ್ ಎಂದು ನನಗೆ ಗೊತ್ತಿತ್ತು. ನನ್ನ ಮಗಳನ್ನು ನಡುಮೈದಾನಕ್ಕೆ ತಂದು, ತಲೆಯೆತ್ತಿ ಆಡುವುದನ್ನು ಕಲಿಸಿದವರು ಅವರೇ. ಆದರೆ ಇನ್ನು ದಿನಾ ಸಂಜೆ ಆ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ.

ತಿಳಿಸಿ ಬರಲು ನನ್ನನ್ನೇ ಕಳುಹಿಸಿದರು. ಡ್ರೈವ್‌ವೇಯಲ್ಲಿ ಕಾರಿಗೆ ಒರಗಿ ನಿಂತಿದ್ದ ಅವರು ವೋಟಿನ ಮಾತೇ ಎತ್ತಲಿಲ್ಲ.

"ಹುಡುಗಿಯರಿಗೆ ಅರ್ಥ ಗೊತ್ತಿತ್ತಾ?" ಎಂದು ಕೇಳಿದರು.

ಮೊದಲ ದಿನವೇ ಮಗಳು ಅದರ ಅರ್ಥ ಕೇಳಿದ್ದಳು. ಅಡುಗೆಮನೆಯಲ್ಲಿ ಕಾಲು ಎಳೆದು ನಡೆದು ತೋರಿಸಿದ್ದೆ. ಮರುದಿನ ಅವಳು ಗೆಳತಿಯರಿಗೆ ತೋರಿಸಿದ್ದಳು. ಸುಳ್ಳು ಹೇಳಿ ಆದ ಅನಾಹುತ ಸಾಕು, ಇನ್ನಾದರೂ ನಿಜ ಹೇಳೋಣ ಅನ್ನಿಸಿತು.

"ಗೊತ್ತಿತ್ತು," ಅಂದೆ.

"ನಿಮ್ಮ ಮಗಳಿಗೂ?"

"ಅವಳಿಗೂ."

ಅವರು ತಲೆಯಾಡಿಸಿದರು. ಡಿಕ್ಕಿ ತೆಗೆದು ತಂಡದ ಚೆಂಡುಗಳ ಬಲೆಚೀಲ ಇಳಿಸಿದರು. ಎತ್ತಿಕೊಳ್ಳಲು ಹೋದೆ, ತಡೆದು, ತಾವೇ ಹೆಗಲಿಗೇರಿಸಿಕೊಂಡು, ಕಾಲು ಎಳೆಯುತ್ತಾ ಬಾಗಿಲವರೆಗೆ ನಡೆದು ಇಟ್ಟು ಬಂದರು. ಕಾರಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಾರಿಗೆ, ನಾನು ನೋಡುತ್ತಲೇ ನಿಂತಿದ್ದೆ.