ಸೆರಗು ಇಳಿಸಿದ ಚಿತ್ರ

ಇಂಥ ಕಥೆ ಹೇಳುವವರನ್ನು ನಾನು ಗೇಲಿ ಮಾಡುತ್ತಲೇ ಬಂದವನು. ‘ಅವತ್ತು ಜ್ವರ ಇತ್ತೇನ್ರಿ?’ ಎಂದು ಕೇಳಿ ಅವರ ಮುಖ ಸಪ್ಪಗೆ ಮಾಡಿದ್ದೇನೆ. ಈಗ ನನ್ನ ಸರದಿ. ನೀವು ನಕ್ಕರೂ ಬೇಸರವಿಲ್ಲ.

ನಮ್ಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ಅವಳದೊಂದು ಫೋಟೊ ಇಲ್ಲ. ಹೇಗಿದ್ದಳೆಂದು ಕೇಳಿದರೆ ಅಕ್ಕ ‘ನಿನ್ನಂಗ ಇದ್ಲು’ ಎಂದು ಮಾತು ಮುಗಿಸುತ್ತಿದ್ದಳು. ಮುಂದೆ ಹೇಳಹೋದರೆ ಅವಳಿಗೆ ಅಳು ಬರುತ್ತಿತ್ತು. ತಾಯಿಯ ಮುಖ ಗೊತ್ತಿಲ್ಲದೆ ಐವತ್ತು ದಾಟಿದವನು ನಾನು. ಆ ಕೊರಗು ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ.

ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರ ಚಿತ್ರಪ್ರದರ್ಶನವಿತ್ತು. ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಬೆಳಿಗ್ಗೆ ಒಳಗೆ ಹೋದೆ, ಕಲೆಯ ಹುಚ್ಚಿನಿಂದಲ್ಲ. ಕಿಟಕಿಯ ಪಕ್ಕದ ಚಿತ್ರದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಒಬ್ಬ ಹೆಂಗಸು ಕುಳಿತಿದ್ದಳು. ಸೆರಗನ್ನು ಕುತ್ತಿಗೆಗೆ ಇಳಿಸಿ ನೇರ ನನ್ನನ್ನೇ ನೋಡುತ್ತಿದ್ದಳು. ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿ. ಉಳಿದಂತೆ ಕನ್ನಡಿಯಲ್ಲಿ ದಿನಾ ಕಾಣುವ ನನ್ನದೇ ಮುಖ. ಎಷ್ಟು ಹೊತ್ತು ನಿಂತಿದ್ದೆನೋ, ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಬೇಕೆಂದು ಹೊಳೆಯಲೇ ಇಲ್ಲ.

ಹೊರಗೆ ಬಂದು ಕುಪ್ಪೇಲೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಚುಕ್ಕಿಯ ಮಾತು ಬಂದಾಗ ಅವಳು ನಡುವೆಯೇ ತಡೆದಳು.

‘ಅವ್ವನ ಹಚ್ಚಿ ಸುದ್ದಿ ನಾ ನಿನಗ ಎಂದೂ ಹೇಳಿಲ್ಲಲ್ಲೋ ತಮ್ಮಾ’ ಎಂದವಳು ಮಧ್ಯಾಹ್ನದ ಬಸ್ಸಿಗೇ ಬಂದಳು.

ಚಿತ್ರ ಅಲ್ಲೇ ಇತ್ತು. ಅದೇ ರಾಶಿ, ಅದೇ ಹೆಂಗಸು. ಆದರೆ ಸೆರಗು ಮೂಗಿನ ಮೇಲೆ ಬಿಗಿಯಾಗಿತ್ತು. ಕಣ್ಣುಗಳಷ್ಟೇ ಕಾಣುತ್ತಿದ್ದವು, ಅವೂ ಕೈಯಲ್ಲಿದ್ದ ಕಾಯಿಯ ಮೇಲೆ. ಚಿತ್ರ ಬದಲಿಸಿದ್ದೀರೆಂದು ಮಾಸ್ತರರ ಮೇಲೆ ರೇಗಿಬಿಟ್ಟೆ.

‘ಎಲ್ಲಿಂದ ಬದಲ್ ಮಾಡ್ಲಿರಿ? ಇರೋದ ಇದೊಂದು’ ಎಂದರು ಅವರು. ‘ಆ ಮೆಣಸಿನಕಾಯಿ ಘಾಟಿನ್ಯಾಗ ಸೆರಗ ಬಿಟ್ಟು ಯಾರರ ಕುಂದರ್ತಾರೇನ್ರಿ?’

ತೊಟ್ಟು ಬಿಡಿಸುವವಳ ಮಗನಾದ ನನಗೆ ಅಷ್ಟೂ ತೋಚಿರಲಿಲ್ಲ. ಅಕ್ಕ ಚಿತ್ರದಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: ‘ಖರೇ ಐತಿ. ಕೆಲಸದಾಗ ಅವ್ವ ಸೆರಗ ತೆಗೀತಿರ್ಲಿಲ್ಲ. ನಾ ಬಾಗಲದಾಗ ನಿಂತು ಅವ್ವಾ ಅಂತ ಕರದ್ರ ಅಷ್ಟ ಇಳಿಸಿ ನೋಡ್ತಿದ್ಲು.’

ಬೆಳಿಗ್ಗೆ ನಾನು ‘ಅವ್ವಾ’ ಎಂದು ಕರೆದಿದ್ದೆನೇ? ಎಷ್ಟು ಯೋಚಿಸಿದರೂ ಇಂದಿಗೂ ನೆನಪಾಗುವುದಿಲ್ಲ. ಕರೆದು ರೂಢಿಯಿಲ್ಲದ ಹೆಸರು ಅದು. ಮಧ್ಯಾಹ್ನ ಮಾತ್ರ, ಅಷ್ಟು ಜನರ ನಡುವೆ ನಾಚಿಕೆಯಾಗಿ, ನಾನು ಕರೆಯಲಿಲ್ಲ.