ಹರಕೆಯ ಮಗನನ್ನು ಕರೆತರಲು ಯಳಂದೂರಿಗೆ

ಮಾರ್ಟಳ್ಳಿಯಿಂದ ಬೆಳಗಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನ, ನನ್ನ ಮಾರ್ಕ್ಸ್ ಕಾರ್ಡ್, ಅಮ್ಮನ ಜಪಮಾಲೆ ಇದ್ದವು. ಸಂಜೆಗೆ ವಾಪಸು ಬರುವವಳಿಗೆ ಬಟ್ಟೆ ಯಾಕೆ ಅಂತ ಕೇಳಿದ್ದೆ. "ಮಳೆಗಿಳೆ ಬಂದ್ರೆ ಇರ್ಲಿ ಕಣವ್ವ" ಅಂದಳು ಅಮ್ಮ. ಆ ಜಪಮಾಲೆಯನ್ನು ಅವಳು ಸ್ನಾನಕ್ಕೂ ಕೊರಳಿಂದ ತೆಗೆದವಳಲ್ಲ. ತಲೆಗೆ ಎಣ್ಣೆ ಹಚ್ಚಿ ಜಡೆಯನ್ನೂ ಹೆಣೆದಳು. ನಾನು ದೊಡ್ಡವಳಾದ ಮೇಲೆ ಅವಳು ನನ್ನ ಕೂದಲು ಮುಟ್ಟಿದ್ದು ಅದೇ ಮೊದಲು. ಎಷ್ಟು ಒಳ್ಳೆಯ ಅಮ್ಮ ಅಂದುಕೊಂಡು ಕಿಟಕಿ ಪಕ್ಕ ಕೂತೆ.

ನಾನೂ ಅಪ್ಪನೂ ಹೊರಟದ್ದು ನನ್ನ ತಮ್ಮ ಸವರಿಯನ್ನು ಮನೆಗೆ ಕರೆತರಲು. ಹೋದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಅವನನ್ನು ಯಳಂದೂರಿನ ಹತ್ತಿರದ ಗುರುಮಠಕ್ಕೆ, ಅಂದರೆ ಪಾದ್ರಿಯಾಗುವ ಹುಡುಗರನ್ನು ಓದಿಸುವ ಮನೆಗೆ, ಸೇರಿಸಿದ್ದೆವು. ಅಂದು ಊರವರು ಹಾರ ಹಾಕಿ, ಹೊಸ ನೀಲಿ ಪೆಟ್ಟಿಗೆ ಕೊಡಿಸಿ, ಬಸ್ ಸ್ಟಾಪಿನವರೆಗೆ ತಮಟೆ ಹೊಡೆದುಕೊಂಡು ಬಂದಿದ್ದರು. ಅಂದಿನಿಂದ ಅಮ್ಮ ಚರ್ಚಿನಲ್ಲಿ ಮುಂದಿನ ಸಾಲಿನವಳಾದಳು. ನಮ್ಮ ಕಡೆ ಪಾದ್ರಿಗೆ ಸಾಮಿ ಅಂತಾರೆ, ಅವಳು ಸಾಮಿಯ ತಾಯಿ. ಈಗ ಗುರುಮಠದ ಫಾದರ್ ಫೋನ್ ಮಾಡಿ, ಹುಡುಗನಿಗೆ ಮನಸ್ಸಿಲ್ಲ, ಕರೆದುಕೊಂಡು ಹೋಗಿ ಎಂದಿದ್ದರು. ಎರಡು ದಿನ ನಮ್ಮ ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ.

ಇದೆಲ್ಲದರ ಬೇರು ಒಂದು ಹಾವು. ನಾವಿಬ್ಬರೂ ಸಣ್ಣವರಿದ್ದಾಗ ರಾಗಿ ಹೊಲದಲ್ಲಿ ಅಪ್ಪನಿಗೆ ಹಾವು ಕಚ್ಚಿತ್ತು. ಅಪ್ಪ ಉಳಿದರೆ ಒಂದು ಮಗುವನ್ನು ದೇವರಿಗೆ ಕೊಡುತ್ತೇನೆ ಅಂತ ಅಮ್ಮ ಹರಕೆ ಹೊತ್ತಳು. ಅಪ್ಪ ಉಳಿದ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ನಮ್ಮದು ಕ್ರೈಸ್ತರ ಮನೆ, ಜಾತ್ರೆಯ ಹೆಸರು ಬೇರೆ, ಅಷ್ಟೇ.

ನಾನು ಹೋದದ್ದಕ್ಕೆ ನನ್ನದೂ ಒಂದು ಆಸೆಯಿತ್ತು. ಸೆಕೆಂಡ್ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು, ನರ್ಸಿಂಗ್ ಓದಬೇಕಿತ್ತು. "ಬರ್ತಾ ಕೊಳ್ಳೇಗಾಲದಲ್ಲಿ ಸಿಸ್ಟರ್‌ಗಳ ಮಠಕ್ಕೋಗಿ ನರ್ಸಿಂಗ್ ವಿಷಯ ಕೇಳಮ, ನೀನೂ ಬಾ" ಅಂದಿದ್ದ ಅಪ್ಪ. ರಾತ್ರಿ ಖುಷಿಗೆ ನಿದ್ದೆ ಬಂದಿರಲಿಲ್ಲ.

ಕೌದಳ್ಳಿ ದಾಟಿ ಹನೂರು ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಅಪ್ಪ ದುಡ್ಡು ಕೊಟ್ಟು ಟಿಕೆಟ್ ತಗೊಂಡ, ನನಗೆ ಆಧಾರ್ ತೋರಿಸಿದರೆ ಫ್ರೀ. "ಎಣ್ಮಕ್ಕಳ್ದೇ ರಾಜ್ಯ ಕಣಪ್ಪ ಈಗ" ಎಂದು ಕಂಡಕ್ಟರ್ ಅಪ್ಪನನ್ನು ಕಿಚಾಯಿಸಿದ. ಅಪ್ಪ ನಗಲಿಲ್ಲ. ಕೊಳ್ಳೇಗಾಲದಲ್ಲಿ ಬಸ್ ಬದಲಿಸಿದೆವು. ಕುಂತೂರಿನ ಬಳಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ಸುಮಾರು ಹೊತ್ತು ತೆವಳಿತು. ನಾನು ಜಪ ಮಾಡುತ್ತಲೇ ಇದ್ದೆ. ತಮ್ಮನ ಮನಸ್ಸು ತಿರುಗಲಿ ಅಂತ ಶುರು ಮಾಡಿದ್ದು ಯಾವಾಗಲೋ ನನಗೆ ನರ್ಸಿಂಗ್ ಸೀಟು ಸಿಗಲಿ ಅಂತ ಆಗಿತ್ತು.

ಗುರುಮಠದ ಗೇಟಿನ ಹೊರಗೆ ಸವರಿ ಪೆಟ್ಟಿಗೆಯ ಮೇಲೆ ಕೂತಿದ್ದ. ಬಡಕಲಾಗಿದ್ದ. ಫಾದರ್ ಒಳ್ಳೆಯ ಮಾತೇ ಆಡಿದರು, "ಇವನ ಮೇಲೆ ಸಿಟ್ಟಾಗಬೇಡಿ" ಎಂದರು. ಅಪ್ಪ ಅವರ ಕೈಗೆ ಮುತ್ತಿಟ್ಟು, ಮಗನ ಮುಖ ನೋಡದೆ, ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ.

ಯಳಂದೂರಿನ ಹೋಟೆಲಿನಲ್ಲಿ ಟೀ ಹೇಳಿ, ಚಿತ್ರಾನ್ನ ಬಿಚ್ಚಿದೆವು. ಅಪ್ಪ ಬೀಡಿಗೆ ಅಂತ ಹೊರಗೆ ಹೋದಾಗ, ಯಾಕೆ ಬಿಟ್ಟೆ ಎಂದು ಸವರಿಯನ್ನು ಕೇಳಿದೆ.

"ದೇವ್ರು ಕರೀತಾನೆ, ಕಿವಿಗೊಡು ಅಂತ ದಿನಾ ಏಳೋರು. ವರ್ಷವೆಲ್ಲ ಕಿವಿಗೊಟ್ಟೆ ಅಕ್ಕ. ಅಪ್ಪನ ಗಂಟ್ಲೇ ಕೇಳಿಸ್ತಿತ್ತು."

"ಮುಂದೆ?"

"ಐಟಿಐಗೆ ಓಯ್ತೀನಿ. ಮೋಟರ್ ಕೆಲ್ಸ."

ಅವನ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ಸುಲಭವಾಗಿ ಹೇಳಿಬಿಟ್ಟನಲ್ಲ ಅಂತ ಹೊಟ್ಟೆಯುರಿಯಿತು.

ಕೊಳ್ಳೇಗಾಲಕ್ಕೆ ವಾಪಸು ಬಂದ ಮೇಲೆ ಬಸ್ ಸ್ಟ್ಯಾಂಡಿನಲ್ಲೇ ಅಪ್ಪ ಒಂದು ಪ್ಲಾಸ್ಟಿಕ್ ಚೀಲ ಕೊಂಡು, "ನಿನ್ ಬಟ್ಟೆಯೆಲ್ಲ ಇದಕ್ಕಾಕ್ಕೊ ಕಣ್ಲಾ, ಪೆಟ್ಟಿಗೆ ಖಾಲಿ ಮಾಡು" ಎಂದ. ಸವರಿ ತುಂಬಿಕೊಂಡ. ಭಾರ ಕಡಿಮೆಯಾಗಲಿ ಅಂತಿರಬೇಕು ಅಂದುಕೊಂಡೆ. ಖಾಲಿ ಪೆಟ್ಟಿಗೆಯನ್ನು ಅಪ್ಪ ತಾನೇ ಹೆಗಲ ಮೇಲಿಟ್ಟುಕೊಂಡು ಮಠದ ದಾರಿ ಹಿಡಿದ.

ಮಠದ ಮುಂದಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅಲ್ಲಿನ ಸನ್ಯಾಸಿನಿಯರ ಮುಖ್ಯಸ್ಥೆ ಮದರ್ ವಯಸ್ಸಾದವರು, ಕನ್ನಡಕ ಹಣೆಗೇರಿಸಿದ್ದರು. ನಾನು ಮಾರ್ಕ್ಸ್ ಕಾರ್ಡ್ ತೆಗೆಯಲು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅಪ್ಪ ಪೆಟ್ಟಿಗೆಯನ್ನು ಅವರ ಕಾಲ ಬಳಿ ಇಳಿಸಿ, "ಗಂಡು ನಿಲ್ನಿಲ್ಲ ಮದರ್. ಎಣ್ಣು ಅದೆ. ಇಸ್ಕೊಳಿ" ಎಂದ.

ಇಸ್ಕೊಳಿ. ಅಂಗಡಿಯಲ್ಲಿ ಹರಿದ ನೋಟು ಬದಲಿಸಿಕೊಡುವವನ ಹಾಗೆ. ಎರಡು ಜೊತೆ ಬಟ್ಟೆ, ಜಡೆ, ಜಪಮಾಲೆ ಎಲ್ಲದರ ಅರ್ಥ ಅಲ್ಲೇ ಆಯಿತು. ಅಮ್ಮ ಬೆಳಗ್ಗೆಯೇ ನನ್ನನ್ನು ಕಳಿಸಿಕೊಟ್ಟಾಗಿತ್ತು.

"ಯಾರಿಗಪ್ಪ ದೇವರ ಕರೆ ಬಂದಿರೋದು?" ಮದರ್ ಕೇಳಿದರು.

"ನಮ್ಮನೆಗೆ ಬಂದದೆ. ಅರಕೆ ಮನೇದು."

ಮದರ್ ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ."

ನಾನು ಮಾರ್ಕ್ಸ್ ಕಾರ್ಡ್ ತೆಗೆದು ಅವರ ಮುಂದೆ ಹಿಡಿದೆ. "ನಂಗೆ ನರ್ಸಿಂಗ್ ಓದ್ಬೇಕು ಮದರ್. ಕರೆ ಬಂದಿಲ್ಲ. ಬಂದ್ರೆ ನಾನೇ ನಡ್ಕಂಡು ಬತ್ತೀನಿ, ಯಾರೂ ಪೆಟ್ಟಿಗೆ ಒತ್ಕಂಡು ಬರೋದು ಬ್ಯಾಡ."

"ಇಲ್ಲಿ ಒಬ್ಬರ ಬದಲಿಗೆ ಇನ್ನೊಬ್ಬರನ್ನ ತಗೊಳ್ಳೋದಿಲ್ಲ" ಎಂದರು ಮದರ್ ಅಪ್ಪನಿಗೆ. "ಕರ್ಕೊಂಡು ಹೋಗಿ."

ನರ್ಸಿಂಗಿನ ವಿಷಯ ಕೇಳಿದೆ. ಸೀಟು ಕೊಡುವುದು ತಮ್ಮ ಕೈಯಲ್ಲಿಲ್ಲ, ಬರೆದು ತಿಳಿಸುತ್ತೇನೆ ಎಂದರು. ಟೀ ಕೊಟ್ಟರು. ಅಲ್ಲಿಗೆ ಮುಗಿಯಿತು. ಇವತ್ತಿನವರೆಗೂ ಏನೂ ತಿಳಿಸಿಲ್ಲ.

ಮೂವರೂ ಊರಿನ ಬಸ್ಸು ಹತ್ತಿದೆವು. ಪೆಟ್ಟಿಗೆ ಸೀಟಿನ ಕೆಳಗೆ, ಗುಂಡಿ ಬಂದಾಗಲೆಲ್ಲ ಡಬಡಬ ಸದ್ದು ಮಾಡುತ್ತಿತ್ತು. ಹನೂರು ಬಿಟ್ಟ ಮೇಲೆ ಅಪ್ಪ ಕಿಟಕಿಯ ಕಡೆ ನೋಡುತ್ತಲೇ, "ಅರಕೆ ತಪ್ಪಿ ಇನ್ನೊಂದ್ಸಲ ಅದೇ ಆವು ಕಚ್ಚುದ್ರೆ?" ಎಂದ. ಅವನಿಗೆ ನಿಜಕ್ಕೂ ಭಯವಿತ್ತು. ಆ ಭಯ ನೋಡಿ ಒಂದು ಗಳಿಗೆ ಪಾಪ ಅನ್ನಿಸಿತು. ಆದರೆ ಬಾಯಿ ಸುಮ್ಮನಿರಲಿಲ್ಲ.

"ಆಗ ನರ್ಸು ಬೇಕಾಯ್ತದೆ ಅಪ್ಪ."

ಸವರಿ ಕಿಸಕ್ಕೆಂದ.

ಮಾರ್ಟಳ್ಳಿಯಲ್ಲಿ ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ಸ್ಟಾಪಿನಲ್ಲಿದ್ದ ಒಬ್ಬ ಅಜ್ಜಿ "ಚಿನ್ನ ಸಾಮಿ ಬಂದ್ರಾ" ಅಂತ ಓಡಿ ಬಂದು ತಲೆ ಬಗ್ಗಿಸಿದಳು. ಅವಳ ಪಾಲಿಗೆ ಸವರಿ ಆಗಲೇ ಚಿಕ್ಕ ಪಾದ್ರಿ, ರಜೆಗೆ ಬಂದಾಗಲೆಲ್ಲ ಅವಳ ಹಣೆಗೆ ಶಿಲುಬೆ ಗುರುತು ಹಾಕುತ್ತಿದ್ದ. ಅವನು ಅಪ್ಪನ ಮುಖ ನೋಡಿದ. "ಆಕ್ಲಾ" ಎಂದ ಅಪ್ಪ ಮೆಲ್ಲಗೆ. ಹಾಕಿದ. ಅಜ್ಜಿ ಕಣ್ಣೊರೆಸಿಕೊಂಡು ಹೋದಳು.

ಬಾಗಿಲು ತೆರೆದ ಅಮ್ಮ ಮೊದಲು ನೋಡಿದ್ದು ಪೆಟ್ಟಿಗೆಯನ್ನು. ಆಮೇಲೆ ನನ್ನನ್ನು. "ಬಂದ್ಯಾ" ಅಂದಳು, ಅಷ್ಟೇ. ಜಪಮಾಲೆ ತೆಗೆದು ಅವಳ ಕೈಗಿಟ್ಟೆ. ಒಳಗೆ ಮೊಟ್ಟೆ ಸಾರಿನ ವಾಸನೆ ಘಮಘಮ ಅನ್ನುತ್ತಿತ್ತು. ನೆಲದ ಮೇಲೆ ಮೂರು ತಟ್ಟೆ ಹಾಕಿದ್ದಳು. ಅಪ್ಪನದು, ಸವರಿಯದು, ತನ್ನದು.

ಅಡುಗೆ ಮನೆಗೆ ಹೋಗಿ ನನ್ನ ತಟ್ಟೆಯನ್ನು ನಾನೇ ತಂದು ಹಾಕಿಕೊಂಡು ಕೂತೆ. ಅಮ್ಮ ತಲೆಯೆತ್ತದೆ ಬಡಿಸಿದಳು. ಸವರಿ ಮನೆಯಲ್ಲಿದ್ದಾಗ ಊಟಕ್ಕೆ ಮುಂಚಿನ ಜಪ ಹೇಳುವುದು ಯಾವತ್ತೂ ಅವನೇ. ಅವನು ಬಾಯಿ ಬಿಡಲಿಲ್ಲ, ಅಪ್ಪ ಬಿಡಲಿಲ್ಲ, ಸಾರು ಆರುತ್ತಿತ್ತು. ನಾನು ಹಣೆಗೆ ಶಿಲುಬೆ ಗುರುತು ಹಾಕಿಕೊಂಡು, ನಾಲ್ಕು ಜನಕ್ಕೂ ಕೇಳುವ ಹಾಗೆ, ಜಪ ಹೇಳಿದೆ.